ಕರಟವೂ ಬಿದರಿಯೂ: ಹುಕ್ಕಾದ ಚರಿತ್ರೆ ಮತ್ತು ಚಿತ್ರ

ಹುಕ್ಕಾ ಎಂದೊಡನೆ ಕಣ್ಣೆದುರು ನಿಲ್ಲುವುದು ಚಿಕಣಿ ಚಿತ್ರಗಳ ಲೋಕ. ಲೋಡಿಗೆ ಒರಗಿದ ದೊರೆ, ಹಾವಿನಂತೆ ಸುರುಳಿ ಸುತ್ತಿದ ನಳಿಗೆ, ಕುಸುರಿ ಕೆಲಸದ ಬುಡ, ಹಿಂದೆ ಕೈಕಟ್ಟಿ ನಿಂತ ಊಳಿಗದವನು. ಆದರೆ ಈ ಉಪಕರಣದ ಹೆಸರುಗಳನ್ನು ವಿಚಾರಿಸಿದರೆ ಬೇರೊಂದು ಚಿತ್ರ ಮೂಡುತ್ತದೆ. ‘ಹುಕ್ಕಾ’ ಎಂಬುದು ಪುಟ್ಟ ಡಬ್ಬಿ ಅಥವಾ ಭರಣಿ ಎಂಬರ್ಥದ ಅರಬ್ಬಿ ಪದದಿಂದ ಬಂದುದು. ಕನ್ನಡದ ‘ಗುಡುಗುಡಿ’ ನೀರಿನ ಸದ್ದನ್ನೇ ಹೆಸರಾಗಿಸಿಕೊಂಡ ಅನುಕರಣ ಶಬ್ದ. ತುರ್ಕಿಯಲ್ಲಿ ಬಳಕೆಯಲ್ಲಿರುವ ‘ನರ್ಗಿಲೆ’ ಪಾರಸಿಯ ‘ನಾರ್ಗೀಲ್’ನಿಂದ ಬಂದಿದೆ. ನಾರ್ಗೀಲ್ ಎಂದರೆ ತೆಂಗಿನಕಾಯಿ. ಅದರ ಮೂಲ ಸಂಸ್ಕೃತದ ‘ನಾರಿಕೇಲ’, ನಮ್ಮ ಹಳಗನ್ನಡ ಕವಿಗಳ ‘ನಾರಿಕೇಳ’. ಅರಮನೆಯ ಚಿತ್ರಕಾರರು ಬದಿಗೆ ಸರಿಸಿದ ತೆಂಗಿನ ಕರಟವನ್ನು ಭಾಷೆ ಹೀಗೆ ಉಳಿಸಿಕೊಂಡಿದೆ.

ಭಾರತದ ತಂಬಾಕಿನ ಚರಿತ್ರೆಯಲ್ಲಿ ಕನ್ನಡ ನಾಡಿಗೆ ವಿಶೇಷ ಸ್ಥಾನವಿದೆ. ಹೊಗೆಸೊಪ್ಪು ಅಮೆರಿಕ ಖಂಡದ ಸಸ್ಯ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳ ಮೂಲಕ ಪಶ್ಚಿಮ ಕರಾವಳಿಗೆ ಬಂದಿತು. ಮೊಗಲರ ಆಸ್ಥಾನಕ್ಕೆ ಅದು ತಲುಪಿದ ಪ್ರಸಂಗವನ್ನು ಅಸದ್ ಬೇಗ್ ತನ್ನ ಪಾರಸಿ ಬರಹದಲ್ಲಿ ದಾಖಲಿಸಿದ್ದಾನೆ. ಅಕ್ಬರನ ಮಗ ದಾನಿಯಾಲನಿಗೂ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಮಗಳಿಗೂ ನಿಶ್ಚಯವಾಗಿದ್ದ ವಿವಾಹದ ಕಾರ್ಯಕ್ಕಾಗಿ ಅವನು 1603ರ ಸುಮಾರಿಗೆ ವಿಜಾಪುರಕ್ಕೆ ಬಂದಿದ್ದ. ಅಲ್ಲಿ ಕಂಡ ತಂಬಾಕನ್ನು ಕೊಂಡೊಯ್ದು, ಅದರೊಡನೆ ಸೇದುವ ಕೊಳವೆಯೊಂದನ್ನು ಸಿದ್ಧಪಡಿಸಿ ಅಕ್ಬರನ ಮುಂದಿಟ್ಟ. ಮೂರು ಮೊಳದ ಕೊಳವೆ, ಎರಡೂ ತುದಿಗಳಿಗೆ ರತ್ನ ಮತ್ತು ಮೀನಾಕಾರಿ, ಯೆಮನ್ ದೇಶದ ಕೆಂಪು ಅಕೀಕಿನ ಬಾಯಿತುದಿ, ಬೆಂಕಿಗೆ ಚಿನ್ನದ ಪಾತ್ರೆ. ತಂಬಾಕನ್ನು ತುಂಬಿದ್ದು ಆದಿಲ್ ಶಾಹನೇ ಕೊಟ್ಟಿದ್ದ ಎಲೆಯಡಿಕೆಯ ಸಂಚಿಯಲ್ಲಿ.

ಅಕ್ಬರ್ ಕೆಲವು ಸಲ ಸೇದಿ ನೋಡಿದ. ಗ್ರಂಥಗಳಲ್ಲಿ ಹೇಳದ, ಪರೀಕ್ಷಿಸದ ವಸ್ತುವೆಂದು ಆಸ್ಥಾನದ ವೈದ್ಯ ತಡೆದ. ಲೋಕದ ಪ್ರತಿಯೊಂದು ಪದ್ಧತಿಯೂ ಒಮ್ಮೆ ಹೊಸದೇ ಆಗಿತ್ತಲ್ಲವೇ ಎಂದು ಅಸದ್ ಬೇಗ್ ವಾದಿಸಿದ. ಬಾದಶಹ ಅದನ್ನು ರೂಢಿಸಿಕೊಳ್ಳಲಿಲ್ಲ; ಅಮೀರರು ರೂಢಿಸಿಕೊಂಡರು, ವರ್ತಕರು ಮಾರತೊಡಗಿದರು. 1617ರಲ್ಲಿ ಜಹಾಂಗೀರ್ ನಿಷೇಧ ಹೊರಡಿಸುವಷ್ಟರ ಮಟ್ಟಿಗೆ ಆ ಚಟ ಹಬ್ಬಿತ್ತು. ಆ ನಿಷೇಧವೂ ಫಲಿಸಲಿಲ್ಲ.

ಈ ವೃತ್ತಾಂತದಲ್ಲಿ ಸಂಶೋಧಕರು ಗಮನಿಸಬೇಕಾದ ಅಂಶವೊಂದಿದೆ. ಅಸದ್ ಬೇಗ್ ತನ್ನ ಉಪಕರಣದ ಒಂದೊಂದು ಭಾಗವನ್ನೂ ವರ್ಣಿಸುತ್ತಾನೆ. ನೀರಿನ ಪಾತ್ರೆಯ ಪ್ರಸ್ತಾಪ ಮಾತ್ರ ಎಲ್ಲಿಯೂ ಇಲ್ಲ. ಹುಕ್ಕಾವನ್ನು ಕಂಡುಹಿಡಿದವನು ಅಕ್ಬರನ ವೈದ್ಯ ಹಕೀಮ್ ಅಬುಲ್ ಫತ್ ಗೀಲಾನಿ ಎಂಬ ಮಾತು ಅನೇಕ ಪುಸ್ತಕಗಳಲ್ಲಿ ಪುನರಾವರ್ತನೆಗೊಂಡಿದೆ. ಆದರೆ ಗೀಲಾನಿ ತೀರಿಕೊಂಡದ್ದು 1589ರಲ್ಲಿ. ತಂಬಾಕೇ ಆಸ್ಥಾನಕ್ಕೆ ಹೊಸದಾಗಿ ಕಂಡದ್ದು ಅದಾದ ಸುಮಾರು ಹದಿನೈದು ವರ್ಷಗಳ ಮೇಲೆ. ಎರಡು ಹೇಳಿಕೆಗಳನ್ನು ಒಟ್ಟಿಗೆ ಇಟ್ಟರೆ ಗೀಲಾನಿಯ ಕಥೆ ಸಡಿಲಗೊಳ್ಳುತ್ತದೆ. ಜನಬಳಕೆಯ ವಸ್ತುವೊಂದಕ್ಕೆ ಆಸ್ಥಾನದ ವಿದ್ವಾಂಸನೊಬ್ಬನನ್ನು ಕರ್ತೃವಾಗಿಸುವುದು ಚರಿತ್ರೆಯ ಹಳೆಯ ಅಭ್ಯಾಸ. ತೆಂಗಿನಕಾಯಿಯನ್ನು ಒಳಗೊಂಡ ಹೆಸರಾದರೋ ಅರಮನೆಯತ್ತ ಬೆರಳು ತೋರದೆ, ತೆಂಗು ಬೆಳೆಯುವ ನೆಲದತ್ತ ತೋರುತ್ತದೆ.

ಹುಕ್ಕಾ ಶ್ರೀಮಂತರ ಕೈ ಸೇರಿದ ಮೇಲೆ ಅದರ ಬುಡ ಲೋಹವಾಯಿತು, ಗಾಜಾಯಿತು. ಅದಕ್ಕೆ ಕಲೆಯ ಪಟ್ಟ ಕಟ್ಟಿದವರಲ್ಲಿ ಬೀದರಿನ ಕುಶಲಕರ್ಮಿಗಳು ಮುಖ್ಯರು. ಬಹುಪಾಲು ಸತು, ಅಲ್ಪ ತಾಮ್ರ ಬೆರೆತ ಎರಕದ ಮೇಲೆ ಚಿತ್ತಾರ ಕೊರೆದು, ಬೆಳ್ಳಿಯ ತಂತಿ ಹಾಗೂ ತಗಡನ್ನು ಕೂರಿಸಿ, ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರದ ಮಿಶ್ರಣದಿಂದ ಉಜ್ಜಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇಂದು ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿರುವ ಹಳೆಯ ಬಿದರಿ ವಸ್ತುಗಳಲ್ಲಿ ಹುಕ್ಕಾದ ಬುಡಗಳು ಗಣನೀಯ ಸಂಖ್ಯೆಯಲ್ಲಿವೆ. ಹದಿನೇಳನೆಯ ಶತಮಾನದ ಬುಡಗಳು ಗುಂಡಗಿದ್ದು, ನೆಲದ ಮೇಲೆ ನಿಲ್ಲಲು ಸಿಂಬೆಯಂತಹ ಬಳೆ ಬೇಕಾಗುತ್ತಿತ್ತು. ಹದಿನೆಂಟನೆಯ ಶತಮಾನದಲ್ಲಿ ತಳ ಅಗಲವಾದ ಗಂಟೆಯಾಕಾರ ಬಂದಿತು. ಚಿಕಣಿ ಚಿತ್ರಗಳ ಕಾಲನಿರ್ಣಯಕ್ಕೆ ಈ ವ್ಯತ್ಯಾಸ ನೆರವಾಗುತ್ತದೆ. ತಾನಾಗಿ ನಿಲ್ಲಲಾರದ ಆ ಗುಂಡು ರೂಪ ಲೋಹಕ್ಕೆ ಅನಿವಾರ್ಯವಾದುದಲ್ಲ. ಕರಟದ ದುಂಡುತನವನ್ನು ಲೋಹವೂ ಕೆಲಕಾಲ ಅನುಕರಿಸಿತೆಂದು ಊಹಿಸಲು ಅವಕಾಶವಿದೆ.

ಚಿತ್ರಗಳಲ್ಲಿ ಹುಕ್ಕಾ ಅಂತಸ್ತಿನ ಲಾಂಛನವಾಗಿಯೇ ಕಾಣಿಸಿಕೊಳ್ಳುತ್ತದೆ. ಮೊಗಲ್, ದಖನಿ ಮತ್ತು ರಾಜಸ್ಥಾನಿ ಚಿತ್ರಗಳ ಮಾಳಿಗೆಯ ದೃಶ್ಯಗಳಲ್ಲಿ ಗಂಡಸರಂತೆ ಹೆಂಗಸರೂ ಹುಕ್ಕಾ ಸೇದುತ್ತಾರೆ. 1760ರ ದಶಕದಲ್ಲಿ ದೀಪ್ ಚಂದ್ ಎಂಬ ಕಲಾವಿದ ರಚಿಸಿದ, ಈಗ ಲಂಡನ್ನಿನಲ್ಲಿರುವ ಚಿತ್ರವೊಂದರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯೊಬ್ಬ ನವಾಬನ ಭಂಗಿಯಲ್ಲಿ ಕುಳಿತು ಹುಕ್ಕಾ ಸೇದುತ್ತಿದ್ದಾನೆ. ನೆಲದ ಅಧಿಕಾರ ಕೈಬದಲಾಗುತ್ತಿದ್ದುದನ್ನು ಆ ನಳಿಗೆಯೇ ಹೇಳುತ್ತದೆ. ಕರಟದ ಗುಡುಗುಡಿ ಹಿಡಿದ ಸಾಮಾನ್ಯರು ಕಾಣುವುದು ಹೆಚ್ಚಾಗಿ ಕಂಪನಿ ಶೈಲಿಯ ವೃತ್ತಿಚಿತ್ರಗಳಲ್ಲಿ. ಅಲ್ಲಿ ಅವರು ಹೆಸರಿಲ್ಲದವರು, ಕಸುಬಿನ ಮಾದರಿಗಳು.

ಕನ್ನಡದ ಮೌಖಿಕ ಪರಂಪರೆ ಈ ಕೊರತೆಯನ್ನು ಬೇರೊಂದು ಬಗೆಯಲ್ಲಿ ತುಂಬಿದೆ. ದೇಹವನ್ನೇ ಗುಡುಗುಡಿಯಾಗಿ ಕಾಣುವ ಹಾಡು ಇಂದಿಗೂ ಗಾಯಕರ ಬಾಯಲ್ಲಿದೆ. ಕೇಳುಗರ ಕೈಯಲ್ಲಿ ದಿನವೂ ಆಡುವ ವಸ್ತುವಷ್ಟೇ ಇಂತಹ ರೂಪಕವಾಗಬಲ್ಲದು.

ಕರಟದ ಗುಡುಗುಡಿ ಏಕೆ ಉಳಿಯಲಿಲ್ಲ ಎಂಬುದು ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳ ತೆಂಗಿನ ಸೀಮೆಯವರಿಗೆ ಸುಲಭವಾಗಿ ತಿಳಿದೀತು. ಇಲ್ಲಿ ಕಾಯಿಯನ್ನು ಅಟ್ಟದ ಮೇಲೆ ಹತ್ತಿರ ಹತ್ತಿರ ವರ್ಷ ಕಾಲ ಇಟ್ಟು, ನೀರು ಬತ್ತಿ ಒಳಗೆ ಗಿಟುಕು ಅಲುಗುವಂತಾದ ಮೇಲೆ ಸುಲಿದು ಚಿಪ್ಪನ್ನು ಒಡೆಯುತ್ತಾರೆ. ಬೆಲೆಯೆಲ್ಲ ಉಂಡೆ ಕೊಬ್ಬರಿಗೆ, ಚಿಪ್ಪು ಒಲೆಗೆ. ಗುಡುಗುಡಿಯ ಕೆಲಸ ಇದಕ್ಕೆ ವಿರುದ್ಧ. ಅಲ್ಲಿ ತಿರುಳು ಹೋಗಿ ಚಿಪ್ಪು ಇಡಿಯಾಗಿ ಉಳಿಯಬೇಕು. ಮೇಲೊಂದು ತೂತು, ಪಕ್ಕದಲ್ಲೊಂದು ತೂತು, ಒಳಗೆ ನೀರು. ಒಡೆದರೆ ಅದೂ ಒಲೆಗೇ. ಬೆಳ್ಳಿಯನ್ನು ಪೆಟ್ಟಿಗೆಯಲ್ಲಿಟ್ಟು ಕಾಯುತ್ತಾರೆ, ಕರಟವನ್ನು ಯಾರೂ ಕಾಯುವುದಿಲ್ಲ. ಕೇರಳದ ಕೊಯಿಲಾಂಡಿಯಲ್ಲಿ ಮಾತ್ರ ಕರಟ, ಮರ, ಹಿತ್ತಾಳೆಗಳಿಂದ ಹುಕ್ಕಾ ಮಾಡಿ ಅರಬ್ ದೇಶಗಳಿಗೆ ಕಳುಹಿಸುವ ಕಸುಬು ಬಹುಕಾಲ ನಡೆಯಿತು.

ನೀರು ಹೊಗೆಯನ್ನು ತಂಪಾಗಿಸುತ್ತದೆ, ವಿಷವನ್ನು ನೀಗಿಸುವುದಿಲ್ಲ. ಕರ್ನಾಟಕ ಸರ್ಕಾರ 2024ರಲ್ಲಿ ಹುಕ್ಕಾ ಮಾರಾಟ ಮತ್ತು ಸೇವನೆಯನ್ನು ನಿಷೇಧಿಸಿತು. ಅಕ್ಬರನ ವೈದ್ಯನ ಆತಂಕಕ್ಕೆ ನಾಲ್ಕು ಶತಮಾನಗಳ ಬಳಿಕ ಆಧಾರವೂ ಅಧಿಕಾರವೂ ದೊರೆತಂತಾಯಿತು. ಬೀದರಿನ ಕುಶಲಕರ್ಮಿಗಳು ಹೂದಾನಿ, ಪೆಟ್ಟಿಗೆಗಳತ್ತ ಹೊರಳಿ ತಮ್ಮ ವಿದ್ಯೆಯನ್ನು ಉಳಿಸಿಕೊಂಡಿದ್ದಾರೆ. ಇತ್ತ ಜಗತ್ತಿನ ಹುಕ್ಕಾಗಳ ಬುಡದಿಂದ ಮರೆಯಾದ ಕರಟ, ತಂಬಾಕಿನ ಮೇಲಿಡುವ ಇದ್ದಿಲಾಗಿ ಮರಳಿದೆ. ಉಳಿದ ವಸ್ತುಗಳಿಂದಷ್ಟೇ ಚರಿತ್ರೆ ಬರೆದರೆ ಅದು ಉಳ್ಳವರ ಚರಿತ್ರೆಯಾಗುತ್ತದೆ. ಸುಟ್ಟುಹೋದವುಗಳ ಸುಳಿವನ್ನು ಪದಗಳಲ್ಲಿ ಹುಡುಕುವುದು ಸಾಹಿತ್ಯದ ವಿದ್ಯಾರ್ಥಿಗಳ ಪಾಲಿನ ಕೆಲಸ.