ಕಲ್ಲಚ್ಚಿನಿಂದ ವಾಟ್ಸಾಪಿನ ತನಕ...

2020ರ ಲಾಕ್‌ಡೌನ್. ಇಲ್ಲಿ ಚೆನ್ನೈನಲ್ಲೂ ಚರ್ಚುಗಳಿಗೆ ಬೀಗ. ಪಕ್ಕದ ಮನೆಯ ಮಂಗಳೂರಿನ ಅಜ್ಜಿಗೆ ಊರಿಂದ ವಾಟ್ಸಾಪಿನಲ್ಲಿ ಒಂದು ಲಿಂಕು ಬಂತು. ಮೊಮ್ಮಗಳು ಒತ್ತಿದರೆ, ಊರಿನ ಚರ್ಚಿನ ಕನ್ನಡ ಆರಾಧನೆ! "ಕನ್ನಡದಲ್ಲಿ ಪ್ರಾರ್ಥನೆ ಕೇಳಿ ಎಷ್ಟು ವರ್ಷ ಆಯ್ತು ಮಾರಾಯ್ರೆ" ಅಂತ ಅಜ್ಜಿ ಕಣ್ಣೊರೆಸಿಕೊಂಡರು.

ನನಗೆ ನೆನಪಾದದ್ದು ಹರ್ಮನ್ ಮೊಗ್ಲಿಂಗ್. ಬಾಸೆಲ್ ಮಿಷನ್ನಿನ ಈ ಜರ್ಮನ್ ಪಾದ್ರಿ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಶುರು ಮಾಡಿದರು. ಕನ್ನಡದ ಮೊದಲ ಪತ್ರಿಕೆ ಅದು. ಆಗಿನ ಹೊಸ ತಂತ್ರ ಕಲ್ಲಚ್ಚು. ಅಚ್ಚಿನ ಮೊಳೆ ಜೋಡಿಸುವ ಗೋಜಿಲ್ಲ, ಕೈಯಲ್ಲಿ ಬರೆದದ್ದೇ ಕಲ್ಲಿನಿಂದ ಕಾಗದಕ್ಕೆ ಇಳಿಯುತ್ತಿತ್ತು.

ಬಂದದ್ದು ಧರ್ಮಪ್ರಚಾರಕ್ಕೆ, ನಿಜ. ಆದರೆ ಪತ್ರಿಕೆ ತುಂಬ ಬರೀ ಉಪದೇಶ ಇರಲಿಲ್ಲ. ಊರಿನ ಸುದ್ದಿ, ಸರಕಾರದ ಕಾಯಿದೆ, ಗಾದೆ, ಕತೆ ಎಲ್ಲ ಇತ್ತು. ಮರುವರ್ಷ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು, ಬೇಗ ನಿಂತೂ ಹೋಯಿತು. ಆದರೂ ಇವತ್ತು ಜುಲೈ 1 ಕರ್ನಾಟಕದಲ್ಲಿ ಎಲ್ಲರ ಪತ್ರಿಕಾ ದಿನ.

ಚರ್ಚು ತೆರೆದ ಮೇಲೂ ಅಜ್ಜಿ ಭಾನುವಾರ ಸಂಜೆ ಮೊಬೈಲು ಬಿಡಲಿಲ್ಲ. ಕನ್ನಡ ಓದಲು ಬಾರದ ಮೊಮ್ಮಗಳು ಪಕ್ಕದಲ್ಲಿ ಕೂತು ಎರಡು ಕನ್ನಡ ಹಾಡು ಕಲಿತಿದ್ದಾಳೆ. ಇದನ್ನು ಕೇಳಿದ್ದರೆ ಮೊಗ್ಲಿಂಗ್ ಪಾದ್ರಿಗೂ ಖುಷಿಯಾಗುತ್ತಿತ್ತು, ಅಲ್ವಾ?