ಡಾಕಿಂಗ್ ಸ್ಟೇಷನ್

ಲ್ಯಾಪ್‌ಟಾಪಿಗೆ ಒಂದೇ ಕೇಬಲ್ ಮೂಲಕ ಹಲವು ಮಾನಿಟರ್, ಕೀಬೋರ್ಡ್, ಮೌಸ್, ಇಂಟರ್ನೆಟ್ ಹಾಗೂ ವಿದ್ಯುತ್ ಒದಗಿಸುವ ಸಾಧನ. 1992ರಲ್ಲಿ ಆಪಲ್ ಹೊರತಂದ ಡ್ಯುಯೊ ಡಾಕ್ ಇದರ ಪ್ರಸಿದ್ಧ ಪೂರ್ವಜ. ಪವರ್‌ಬುಕ್ ಡ್ಯುಯೊ ಲ್ಯಾಪ್‌ಟಾಪನ್ನು ಮಡಚಿ, ವಿಸಿಆರ್‌ಗೆ ಕ್ಯಾಸೆಟ್ ತೂರಿಸುವಂತೆ ಒಳಗೆ ತಳ್ಳಿದರೆ ಅದು ಮೇಜಿನ ಕಂಪ್ಯೂಟರ್ ಆಗಿಬಿಡುತ್ತಿತ್ತು.

ಇಂದಿನ ಡಾಕ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. 2015ರಲ್ಲಿ ಬಂದ ಥಂಡರ್‌ಬೋಲ್ಟ್ 3 ಸೆಕೆಂಡಿಗೆ 40 ಗಿಗಾಬಿಟ್ ವೇಗದ್ದು. ಎರಡು 4ಕೆ ಪರದೆಗಳನ್ನು 60 ಹರ್ಟ್ಸ್‌ನಲ್ಲಿ ನಡೆಸಬಲ್ಲದು. ಸಾಮಾನ್ಯ ಯುಎಸ್‌ಬಿ-ಸಿ ಡಾಕ್‌ಗಳು ಡಿಸ್‌ಪ್ಲೇಪೋರ್ಟ್ 1.2ರೊಂದಿಗೆ ಬಂದ ಎಂಎಸ್‌ಟಿ ತಂತ್ರದಿಂದ ಒಂದೇ ಸಂಪರ್ಕವನ್ನು ಹಲವು ಪರದೆಗಳಿಗೆ ಹಂಚುತ್ತವೆ. ಡಿಸ್‌ಪ್ಲೇಲಿಂಕ್ ಡಾಕ್‌ಗಳಿಗೆ ಚಿತ್ರ ಹೋಗುವುದು ಸಂಕುಚಿತ ಯುಎಸ್‌ಬಿ ದತ್ತಾಂಶವಾಗಿ. ಇದಕ್ಕೆ ಪ್ರತ್ಯೇಕ ಡ್ರೈವರ್ ಬೇಕು, ಪ್ರೊಸೆಸರ್ ಮೇಲೆ ಹೊರೆಯೂ ಬೀಳುತ್ತದೆ.

ಎಷ್ಟು ಪರದೆ ಎಂಬುದನ್ನು ಬಹಳ ಸಲ ಲ್ಯಾಪ್‌ಟಾಪೇ ನಿರ್ಧರಿಸುತ್ತದೆ. 2020ರ ಎಂ1 ಮ್ಯಾಕ್‌ಬುಕ್ ಏರ್ ಬೆಂಬಲಿಸುವುದು ಒಂದೇ ಹೊರ ಮಾನಿಟರನ್ನು. ಮ್ಯಾಕ್‌ಓಎಸ್‌ನಲ್ಲಿ ಎಂಎಸ್‌ಟಿ ಡಾಕ್‌ಗೆ ಎರಡು ಪರದೆ ಜೋಡಿಸಿದರೆ ಎರಡರಲ್ಲೂ ಒಂದೇ ಚಿತ್ರ ಮೂಡುತ್ತದೆ. ವಿಂಡೋಸ್‌ನಲ್ಲಿ ಬೇರೆ ಬೇರೆ ಚಿತ್ರ ಸಾಧ್ಯ.

ಯುಎಸ್‌ಬಿ-ಸಿ ಪೋರ್ಟ್‌ಗಳೆಲ್ಲ ನೋಡಲು ಒಂದೇ, ಆದರೆ ಎಲ್ಲವೂ ಚಿತ್ರ ಸಾಗಿಸುವುದಿಲ್ಲ. ಹಾಗಾಗಿ ಡಾಕ್ ಕೊಳ್ಳುವ ಮುನ್ನ ಲ್ಯಾಪ್‌ಟಾಪಿನ ತಾಂತ್ರಿಕ ವಿವರಗಳನ್ನು ಓದಿಕೊಳ್ಳಬೇಕು.