36ಎ: ಒಂದು ಭಯದ ಇತಿಹಾಸ

ಕರ್ನಾಟಕದಲ್ಲಿ ಬೆಳೆದ ನಮ್ಮ ತಲೆಮಾರಿನ ಬಹುತೇಕರು ಬಾಲ್ಯದಲ್ಲಿ ಒಂದು ಬೆದರಿಕೆಯನ್ನು ಕೇಳಿಯೇ ಇರುತ್ತಾರೆ: ಸಂತೆಯಲ್ಲೋ ರೈಲಿನಲ್ಲೋ ಚಪ್ಪಾಳೆ ತಟ್ಟುತ್ತ ಬರುವವರು ಹಠಮಾರಿ ಮಕ್ಕಳನ್ನು ಹಿಡಿದುಕೊಂಡು ಹೋಗುತ್ತಾರೆ. ಶಾಲೆಗೆ ಹೋಗುವ ವಯಸ್ಸಿಗೆ ಆ ಭಯ ನಗೆಯಾಗಿ ಮಾರ್ಪಡುತ್ತಿತ್ತು. ನಡೆನುಡಿ ತುಸು ಮೃದುವಾಗಿದ್ದ, ಹುಡುಗಿಯರೊಂದಿಗೆ ಕುಂಟಾಬಿಲ್ಲೆ ಆಡುತ್ತಿದ್ದ ಹುಡುಗನಿಗೆ ‘ಒಂಬತ್ತು’ ಎಂಬ ಅಡ್ಡಹೆಸರು ಬೀಳುತ್ತಿತ್ತು. ದುಬೈ, ಅಬುಧಾಬಿಯ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳಿಗೆ ಈ ಕನ್ನಡದ ಬೈಗುಳ ತಿಳಿಯದಿರಬಹುದು. ಇಂಗ್ಲಿಷ್ ಮತ್ತು ಹಿಂದಿಯಲ್ಲಿರುವ ಅದರ ಜೊತೆಗಾರ ಪದಗಳು ಮಾತ್ರ ಅವರಿಗೆ ಚೆನ್ನಾಗಿಯೇ ತಿಳಿದಿವೆ.

ಲಿಂಗತ್ವ ಹಾಗೂ ಲೈಂಗಿಕ ಅಲ್ಪಸಂಖ್ಯಾತ ಸಹಪಾಠಿಗಳ ಬಗ್ಗೆ ಹದಿಹರೆಯದವರೊಡನೆ ಮಾತನಾಡುವಾಗ ಉಪದೇಶಕ್ಕಿಂತ ಇತಿಹಾಸ ಹೆಚ್ಚು ಕೆಲಸಕ್ಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ‘ಎಲ್ಲರನ್ನೂ ಗೌರವಿಸಬೇಕು’ ಎಂದರೆ ಮಕ್ಕಳು ತಲೆಯಾಡಿಸಿ ಮತ್ತೆ ಮೊಬೈಲಿನತ್ತ ತಿರುಗುತ್ತಾರೆ. ಅದೇ ಬೆದರಿಕೆಯ ಮಾತು ಒಂದು ಕಾನೂನಿನ ಪುಸ್ತಕದಲ್ಲಿ ಅಚ್ಚಾಗಿತ್ತು, ಅದೂ ನಮ್ಮ ರಾಜ್ಯದ ಕಾನೂನಿನಲ್ಲಿ, ಎಂದು ಹೇಳಿದರೆ ಕಿವಿ ನೆಟ್ಟಗಾಗುತ್ತದೆ.

ಕಥೆ 1871ರಿಂದ ಆರಂಭವಾಗುತ್ತದೆ. ಆ ವರ್ಷ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ಜಾರಿಗೆ ತಂದಿತು. ಹುಟ್ಟಿನಿಂದಲೇ ಕೆಲವು ಸಮುದಾಯಗಳನ್ನು ಅಪರಾಧಿಗಳೆಂದು ಗುರುತಿಸಿದ ಕಾಯ್ದೆಯೆಂದು ಅದು ಕುಖ್ಯಾತ. ಆದರೆ ಅದರ ಎರಡನೆಯ ಭಾಗ ಇಡಿಯಾಗಿ ಹಿಜ್ರಾ ಸಮುದಾಯವನ್ನು ಕುರಿತದ್ದೆಂಬುದು ಹಲವರಿಗೆ ತಿಳಿಯದು. ಮಕ್ಕಳನ್ನು ಅಪಹರಿಸುವ ಇಲ್ಲವೇ ಸೆಕ್ಷನ್ 377ರ ಅಪರಾಧ ಎಸಗುವ ‘ಸಂಶಯ’ಕ್ಕೆ ಒಳಗಾದವರ ಹೆಸರು, ವಿಳಾಸಗಳನ್ನು ದಾಖಲೆಪುಸ್ತಕದಲ್ಲಿ ಬರೆದಿಡಬೇಕು. ಹೀಗೆ ನೋಂದಾಯಿತರಾದವರು ಹೆಣ್ಣಿನ ಉಡುಗೆ ತೊಟ್ಟು ಬೀದಿಯಲ್ಲಿ ಕಾಣಿಸಿಕೊಂಡರೆ, ಸಾರ್ವಜನಿಕವಾಗಿ ಹಾಡಿ ಕುಣಿದರೆ, ವಾರಂಟಿಲ್ಲದೆ ಬಂಧಿಸಬಹುದು. ಎರಡು ವರ್ಷದವರೆಗೆ ಸೆರೆ. ದತ್ತು ಪಡೆಯುವ, ಉಯಿಲು ಬರೆಯುವ ಹಕ್ಕೂ ಅವರಿಗಿರಲಿಲ್ಲ. ಈ ಕಾಯ್ದೆ ಮೊದಲು ಜಾರಿಯಾದದ್ದು ಉತ್ತರ ಭಾರತದ ಪ್ರಾಂತಗಳಲ್ಲಿ. ಅದೇ ಧಾಟಿಯ ಕಾನೂನನ್ನು 1919ರಲ್ಲಿ, ಅಂದರೆ 1329ನೇ ಫಸಲಿಯಲ್ಲಿ, ನಿಜಾಮರ ಸಂಸ್ಥಾನ ರೂಪಿಸಿತು. ಇಂದಿನ ಬೀದರ್, ಕಲಬುರಗಿ, ರಾಯಚೂರುಗಳು ಆಗ ಅದೇ ಸಂಸ್ಥಾನದಲ್ಲಿದ್ದವು. ಆ ಕಾನೂನಿನ ದೃಷ್ಟಿ ಮಾತ್ರ ಮುಖ್ಯವಾಗಿ ಹೈದರಾಬಾದ್ ನಗರದ ಮೇಲಿತ್ತು. ತೆಲಂಗಾಣ ಹೈಕೋರ್ಟ್ ಅದನ್ನು ರದ್ದುಗೊಳಿಸಿದ್ದು 2023ರ ಜುಲೈನಲ್ಲಿ.

ಇಲ್ಲಿಯವರೆಗೆ ಕೇಳಿದ ಮಕ್ಕಳು ಬ್ರಿಟಿಷರನ್ನು ಬೈದು ನಿರಾಳರಾಗುತ್ತಾರೆ. ಹಿರಿಯರೂ ಹಾಗೆಯೇ. ಆದರೆ ಮುಂದಿನ ಪುಟ ನಮ್ಮದು. 2011ರಲ್ಲಿ ಕರ್ನಾಟಕದ ಶಾಸನಸಭೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಹೊಸ ಸೆಕ್ಷನ್ ಸೇರಿಸಿತು. ಬಾಲಕರನ್ನು ಅಪಹರಿಸುವ, ಅವರ ಪುರುಷತ್ವ ಹರಣ ಮಾಡುವ ಸಂಶಯವಿರುವ ತೃತೀಯ ಲಿಂಗಿಗಳ ಹೆಸರು, ವಾಸಸ್ಥಳಗಳ ಪಟ್ಟಿಯನ್ನು ಇಡುವ ಅಧಿಕಾರವನ್ನು ಅದು ಪೊಲೀಸ್ ಕಮಿಷನರಿಗೆ ನೀಡಿತು. ನೂರನಲವತ್ತು ವರ್ಷಗಳ ಹಿಂದಿನ ಕಾಯ್ದೆಯ ಧ್ವನಿಯೇ ಮರುಕಳಿಸಿದಂತಿತ್ತು. ಅದು ಐಟಿ ನಗರಿಯೆಂದು ಬೆಂಗಳೂರು ಜಗತ್ಪ್ರಸಿದ್ಧವಾಗಿದ್ದ ಕಾಲ. ನಮ್ಮಲ್ಲಿ ಅನೇಕರು ಆಗಲೇ ಕೊಲ್ಲಿಗೆ ಬಂದು ನೆಲೆಸಿಯೂ ಆಗಿತ್ತು. ಅಜ್ಜಿಯ ಬೆದರಿಕೆ ಹೀಗೆ ರಾಜ್ಯಪತ್ರ ಸೇರಿತು.

ಸಮುದಾಯದ ಸಂಘಟನೆಗಳು ಇದನ್ನು ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿದವು. ಈ ನಡುವೆ 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ ಪ್ರಕರಣದಲ್ಲಿ, ತನ್ನ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕು ವ್ಯಕ್ತಿಗೆ ಇದೆಯೆಂದು ತೀರ್ಪು ನೀಡಿತು. 2016ರಲ್ಲಿ ರಾಜ್ಯ ಸರ್ಕಾರ 36ಎಗೆ ತಿದ್ದುಪಡಿ ತಂದು, ಸಮುದಾಯವನ್ನು ಹೆಸರಿಸುತ್ತಿದ್ದ ಪದವನ್ನು ತೆಗೆದು ‘ವ್ಯಕ್ತಿ’ ಎಂಬ ಪದವನ್ನು ಇರಿಸಿತು. ಒಂದು ಪದದ ಬದಲಾವಣೆ ಅಷ್ಟೇ. ಅಪಹರಣ ಯಾರು ಮಾಡಿದರೂ ಅಪರಾಧವೇ. ಆದರೆ ಒಂದು ಜನವರ್ಗ ಹುಟ್ಟಾ ಸಂಶಯಾಸ್ಪದವಲ್ಲ ಎಂಬ ಸರಳ ಸಂಗತಿ ಆ ಒಂದು ಪದದಲ್ಲಿದೆ. ಮಕ್ಕಳಿಗೆ ಎರಡೂ ರೂಪಗಳನ್ನು ಅಕ್ಕಪಕ್ಕ ತೋರಿಸಿದರೆ ಬೇರೆ ವಿವರಣೆ ಬೇಡ.

ಪದಗಳ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ಕನ್ನಡದಲ್ಲಿ ಅವಹೇಳನವಾಗಿ ಬಳಕೆಯಾಗುವ ‘ಖೋಜಾ’ ಶಬ್ದದ ಮೂಲ ಪಾರಸಿಯ ‘ಖ್ವಾಜಾ’: ಒಡೆಯ, ಗೌರವಾನ್ವಿತ ಎಂದರ್ಥ. ಅರಮನೆಯ ಉನ್ನತ ಸೇವಕರಿಗೆ ಸಲ್ಲುತ್ತಿದ್ದ ಬಿರುದು ಬೀದಿಯ ಬೈಗುಳವಾದದ್ದು ನಮ್ಮಲ್ಲೇ.

ಹಾಗೆಂದು ಹಳೆಯ ಕಾಲವೆಲ್ಲ ಹೊನ್ನಿನದಾಗಿತ್ತು ಎಂದು ಮಕ್ಕಳಿಗೆ ಹೇಳುವುದು ಸರಿಯಲ್ಲ. ವಿರಾಟನ ಆಸ್ಥಾನದಲ್ಲಿ ಬೃಹನ್ನಳೆ ಉತ್ತರೆಗೆ ನಾಟ್ಯ ಕಲಿಸಿದ್ದನ್ನು, ನಮ್ಮ ಯಕ್ಷಗಾನದ ಸ್ತ್ರೀವೇಷಕ್ಕೆ ಇಲ್ಲಿನ ಸಭಾಂಗಣಗಳಲ್ಲೂ ಬೀಳುವ ಚಪ್ಪಾಳೆಯನ್ನು ಉದಾಹರಿಸಿ ‘ನಮ್ಮ ಸಂಸ್ಕೃತಿ ಎಲ್ಲರನ್ನೂ ಒಪ್ಪಿಕೊಂಡಿತ್ತು’ ಎನ್ನುವವರಿದ್ದಾರೆ. ವೇಷ ಬೇರೆ, ಬದುಕು ಬೇರೆ. ವೇಷ ಕಳಚಿ ಮನೆಗೆ ಹೋಗುವ ಕಲಾವಿದನಿಗೆ ಸಲ್ಲುವ ಗೌರವ, ಕಳಚಲಾಗದ ಗುರುತಿನೊಂದಿಗೆ ಹುಟ್ಟಿದವರಿಗೆ ಸಲ್ಲಲಿಲ್ಲ.

ಮಂಜಮ್ಮ ಜೋಗತಿಯವರ ಬದುಕನ್ನೇ ನೋಡಬಹುದು. ಬಳ್ಳಾರಿ ಸೀಮೆಯ ಕಲ್ಲುಕಂಬ ಗ್ರಾಮದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದವರು. ಹತ್ತನೆಯ ತರಗತಿಯವರೆಗೆ ಓದಿದರು. ಹದಿಹರೆಯದಲ್ಲಿ, ಅಂದರೆ ಇಂದು ನಮ್ಮ ಮನೆಯ ಒಂಬತ್ತನೆಯ, ಹತ್ತನೆಯ ತರಗತಿಯ ಮಕ್ಕಳ ವಯಸ್ಸಿನಲ್ಲಿ, ತಾನು ಹೆಣ್ಣೆಂಬ ಅರಿವು ಅವರಲ್ಲಿ ಗಟ್ಟಿಯಾಯಿತು. ಮನೆಯವರು ಹೊಸಪೇಟೆ ಸಮೀಪದ ಹುಲಿಗೆಮ್ಮನ ಸನ್ನಿಧಿಗೆ ಕರೆದೊಯ್ದು ಮುತ್ತು ಕಟ್ಟಿಸಿದರು. ಸಂಪ್ರದಾಯ ಅವರಿಗೊಂದು ಸ್ಥಾನ ಕೊಟ್ಟಿತು ನಿಜ, ಆದರೆ ಆ ಸ್ಥಾನ ಮನೆಯ ಹೊರಗಿತ್ತು. ಭಿಕ್ಷೆ ಬೇಡಿದ್ದನ್ನು, ವಿಷ ಕುಡಿದು ಬದುಕುಳಿದದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಕಾಳವ್ವ ಜೋಗತಿಯವರಿಂದ ಕಲಿತ ಜೋಗತಿ ನೃತ್ಯ ಅವರನ್ನು ಎತ್ತಿ ನಿಲ್ಲಿಸಿತು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಸ್ಥಾನಕ್ಕೇರಿದ ಮೊದಲ ಲಿಂಗತ್ವ ಅಲ್ಪಸಂಖ್ಯಾತೆ. 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಸೆರಗು ಹಿಡಿದು ರಾಷ್ಟ್ರಪತಿ ರಾಮನಾಥ ಕೋವಿಂದರಿಗೆ ದೃಷ್ಟಿ ತೆಗೆದ ಆ ಕ್ಷಣವನ್ನು ನಮ್ಮಲ್ಲಿ ಬಹಳಷ್ಟು ಮಂದಿ ಮೊಬೈಲಿನಲ್ಲಿ ನೋಡಿ ಹಂಚಿಕೊಂಡಿದ್ದೇವೆ. ಅವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’. ಆ ಹೆಸರೇ ಜೇಡರ ದಾಸಿಮಯ್ಯನ ವಚನವೊಂದನ್ನು ನೆನಪಿಸುತ್ತದೆ. ಆತ್ಮಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ ಎನ್ನುವ ವಚನವದು. ಕನ್ನಡ ಓದಬಲ್ಲ ಹಿರಿಯ ಮಕ್ಕಳ ಕೈಗೆ ಈ ಪುಸ್ತಕ ಕೊಡಿ. ಓದಲಾಗದವರಿಗೆ ನೀವೇ ಓದಿ ಹೇಳಿ.

ವೈದ್ಯಶಾಸ್ತ್ರವೂ ಈ ಇತಿಹಾಸದಿಂದ ಹೊರತಲ್ಲ. ನಾವು ಎಂಬಿಬಿಎಸ್ ಓದುವಾಗ ನ್ಯಾಯವೈದ್ಯಶಾಸ್ತ್ರದ ಪಾಠದಲ್ಲಿ ಸಲಿಂಗ ಸಂಬಂಧಗಳು ‘ಅಸ್ವಾಭಾವಿಕ ಅಪರಾಧ’ಗಳ ಸಾಲಿನಲ್ಲಿದ್ದವು. ಅಮೆರಿಕದ ಮನೋವೈದ್ಯರ ಸಂಘ ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟದ್ದು 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು. ಅದು ನಮ್ಮ ತರಗತಿಗಳನ್ನು ತಲುಪಲು ದಶಕಗಳೇ ಬೇಕಾದವು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧವನ್ನು ಸೆಕ್ಷನ್ 377ರಿಂದ ಹೊರಗಿಟ್ಟಿತು. ‘ಸರಿಪಡಿಸುವ ಚಿಕಿತ್ಸೆ’ ನೀಡುವುದು ವೃತ್ತಿ ದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಸಾರಿದ್ದು 2022ರಲ್ಲಿ. ಅದೇ ಆಯೋಗ 2024ರಲ್ಲಿ ಹಳೆಯ ಪಾಠವನ್ನು ಪಠ್ಯಕ್ರಮಕ್ಕೆ ಮರಳಿ ತಂದು, ಆಕ್ಷೇಪಗಳು ಬಂದ ಮೇಲೆ ಹಿಂತೆಗೆದುಕೊಂಡಿತು. ಮಗನನ್ನೋ ಮಗಳನ್ನೋ ‘ಸರಿಮಾಡಿಸಲು’ ಊರಿಗೆ ಕರೆದೊಯ್ಯುವ ಯೋಚನೆ ಯಾರಿಗಾದರೂ ಇದ್ದರೆ, ಅಂಥ ಚಿಕಿತ್ಸೆ ಎಂಬುದೇ ಇಲ್ಲ ಎಂದು ವೈದ್ಯನಾಗಿ ಸ್ಪಷ್ಟವಾಗಿ ಹೇಳಬೇಕಾಗಿದೆ.

ನಾವು ಬದುಕುತ್ತಿರುವ ದೇಶದ ಕಾನೂನು ಈ ವಿಷಯದಲ್ಲಿ ಭಾರತದ್ದಕ್ಕಿಂತ ಭಿನ್ನ. 2018ರ ತೀರ್ಪು ಇಲ್ಲಿಗೆ ಅನ್ವಯಿಸದು. ಇದನ್ನು ಮಕ್ಕಳಿಂದ ಮುಚ್ಚಿಡಬಾರದು. ಇಲ್ಲಿನ ಕಾನೂನನ್ನು ಪಾಲಿಸುವುದು ನಮ್ಮೆಲ್ಲರ ಹೊಣೆ. ಆದರೆ ಸಹಪಾಠಿಯನ್ನು ಹಿಂಸಿಸಲು ಈ ಕಾನೂನು ಪರವಾನಗಿ ಎಂದು ಯಾರೂ ಭಾವಿಸುವಂತಿಲ್ಲ. ವದೀಮಾ ಕಾನೂನೆಂದು ಹೆಸರಾದ 2016ರ ಮಕ್ಕಳ ಹಕ್ಕುಗಳ ಕಾಯ್ದೆ ಇಲ್ಲಿನ ಪ್ರತಿ ಮಗುವಿಗೂ ರಕ್ಷಣೆ ನೀಡುತ್ತದೆ, ಮಾನಸಿಕ ಹಿಂಸೆಯಿಂದಲೂ. ಮಗು ಅಪಾಯದಲ್ಲಿದೆಯೆಂದು ತಿಳಿದರೆ ವರದಿ ಮಾಡುವುದು ಶಿಕ್ಷಕರಿಗೂ ವೈದ್ಯರಿಗೂ ಕಡ್ಡಾಯ. 2021ರ ಸೈಬರ್ ಅಪರಾಧ ಕಾನೂನಿನ ಪ್ರಕಾರ ಆನ್‌ಲೈನಿನಲ್ಲಿ ಒಬ್ಬರನ್ನು ನಿಂದಿಸುವುದೂ ಅವರ ಖಾಸಗಿತನಕ್ಕೆ ಧಕ್ಕೆ ತರುವುದೂ ಅಪರಾಧ. ತರಗತಿಯ ವಾಟ್ಸಾಪ್ ಗುಂಪಿನಲ್ಲಿ ‘ಅವನು ಹಾಗಂತೆ’ ಎಂದು ಹಾಕುವ ಒಂದು ಸಾಲು ಇನ್ನೊಂದು ಕುಟುಂಬವನ್ನೇ ಸಂಕಟಕ್ಕೆ ತಳ್ಳಬಲ್ಲದು. ಗೆಳೆಯನೊಬ್ಬ ನಂಬಿ ಹೇಳಿದ್ದನ್ನು ಮತ್ತೊಬ್ಬರಿಗೆ ಹೇಳದಿರುವುದು ಹದಿಹರೆಯದವರು ಕಲಿಯಬೇಕಾದ ಮೊದಲ ಪಾಠ. ಗೆಳೆಯ ಜೀವ ಬೇಡವೆನ್ನುವಷ್ಟು ನೊಂದಿದ್ದರೆ ಮಾತ್ರ ನಂಬಿಕಸ್ಥ ಹಿರಿಯರೊಬ್ಬರಿಗೆ ತಿಳಿಸಬೇಕು. ಅಲ್ಲಿಯೂ ಹೇಳಬೇಕಾದದ್ದು ನೋವನ್ನು, ಗುಟ್ಟನ್ನಲ್ಲ.

ಶಾಲೆಯ ಪಠ್ಯಪುಸ್ತಕ ಈ ಕೆಲಸ ಮಾಡುತ್ತದೆಂದು ಕಾಯುವಂತಿಲ್ಲ. 2021ರ ನವೆಂಬರಿನಲ್ಲಿ ಎನ್‌ಸಿಇಆರ್‌ಟಿ, ತೃತೀಯ ಲಿಂಗಿ ಮಕ್ಕಳನ್ನು ಶಾಲೆಯಲ್ಲಿ ಒಳಗೊಳ್ಳುವ ಬಗೆಯ ಕುರಿತು ಶಿಕ್ಷಕರಿಗೆ ಕೈಪಿಡಿಯೊಂದನ್ನು ಪ್ರಕಟಿಸಿ, ವಿರೋಧ ಬಂದೊಡನೆ ಕೆಲವೇ ದಿನಗಳಲ್ಲಿ ಜಾಲತಾಣದಿಂದ ತೆಗೆದುಹಾಕಿತು.

ಕರ್ನಾಟಕ ಮಾತ್ರ ನಿಂತಿಲ್ಲ. 2021ರ ಜುಲೈನಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1ರ ಮೀಸಲಾತಿ ಕೊಟ್ಟ ದೇಶದ ಮೊದಲ ರಾಜ್ಯ ಅದಾಯಿತು. ಮರುವರ್ಷ ಪ್ರಕಟವಾದ ಪ್ರಾಥಮಿಕ ಶಾಲಾ ಶಿಕ್ಷಕರ ತಾತ್ಕಾಲಿಕ ಆಯ್ಕೆಪಟ್ಟಿಯಲ್ಲಿ ಮೂವರ ಹೆಸರಿತ್ತು. ದಾಖಲೆಪುಸ್ತಕಕ್ಕೆ ಹೆಸರು ಸೇರಿಸಲು ಹೊರಟ ರಾಜ್ಯವೇ ಹತ್ತು ವರ್ಷ ಕಳೆಯುವಷ್ಟರಲ್ಲಿ ಹಾಜರಿಪುಸ್ತಕವನ್ನು ಅವರ ಕೈಗಿಡಲು ಮುಂದಾಗಿತ್ತು.

ನಮ್ಮ ಮಕ್ಕಳಲ್ಲಿ ಬಹಳಷ್ಟು ಮಂದಿ ಹನ್ನೆರಡನೆಯ ತರಗತಿ ಮುಗಿಸಿ ಬೆಂಗಳೂರು, ಮೈಸೂರು, ಮಂಗಳೂರು, ಮಣಿಪಾಲಗಳ ಕಾಲೇಜುಗಳಿಗೆ ಹೋಗುತ್ತಾರೆ. ಪ್ರವೇಶದ ಹೊತ್ತಿಗೆ ರ‍್ಯಾಗಿಂಗ್ ಮಾಡುವುದಿಲ್ಲವೆಂಬ ಪ್ರಮಾಣಪತ್ರವೊಂದನ್ನು ಸಲ್ಲಿಸಬೇಕಾಗುತ್ತದೆ. ಅದು ಆಧರಿಸಿರುವ ಯುಜಿಸಿ ನಿಯಮಗಳಿಗೆ 2016ರಲ್ಲಿ ಆದ ತಿದ್ದುಪಡಿ ಜಾತಿ, ಮತ, ಬಣ್ಣ, ಭಾಷೆಗಳ ಜೊತೆಗೆ ತೃತೀಯ ಲಿಂಗವೂ ಸೇರಿದ ಲಿಂಗಭೇದ ಮತ್ತು ಲೈಂಗಿಕ ಒಲವಿನ ಹೆಸರಿನಲ್ಲಿ ನಡೆಯುವ ಕಿರುಕುಳವನ್ನೂ, ಹೊರಗಿಡುವುದನ್ನೂ ರ‍್ಯಾಗಿಂಗ್ ಎಂದೇ ಪರಿಗಣಿಸುತ್ತದೆ. ವಿಮಾನದ ಟಿಕೆಟ್, ಹಾಸ್ಟೆಲ್ ಶುಲ್ಕಗಳ ಗಡಿಬಿಡಿಯಲ್ಲಿ ಆ ಹಾಳೆಯನ್ನು ಓದುವವರು ಕಡಿಮೆ. ವಿದ್ಯಾರ್ಥಿಯ ಜೊತೆಗೆ ತಂದೆ, ತಾಯಿ ಅಥವಾ ಪೋಷಕರೂ ಅಂಥದೇ ಪ್ರಮಾಣಪತ್ರ ಸಲ್ಲಿಸಬೇಕು.